ಬಿಟ್ಟಿದ್ದು, ಬಿಟ್ಟುಕೊಟ್ಟಿದ್ದು

“ಆ ತುದಿ ಸರಿಯಾಗಿ ಹಿಡಿ. ಎಳಿ. ಇನ್ನೂ ಎಳಿ! ನಾನೇನು ಹಾರಿಹೋಗಲ್ಲ, ಹೆದರಬೇಡ.”

ತಾರಸಿಯ ಮೇಲೆ ಒಣಗಿದ ದೊಡ್ಡ ಹಾಸುಬಟ್ಟೆಯನ್ನು ಇಬ್ಬರು ಹೆಂಗಸರು ಎರಡು ತುದಿಯಲ್ಲಿ ಹಿಡಿದು ಎಳೆದರು. ಬಟ್ಟೆ ಪಟ್ಟೆಂದು ಸದ್ದು ಮಾಡಿ ಸುಕ್ಕು ಬಿಟ್ಟಿತು. ಟೈಲರಮ್ಮ ಎರಡು ಹೆಜ್ಜೆ ಮುಂದೆ ಬಂದು ತನ್ನ ತುದಿಯನ್ನು ಎದುರಿನವಳ ಕೈಗೆ ಕೊಟ್ಟಳು, ಮಡಿಕೆ ಹಿಡಿದುಕೊಂಡು ಮತ್ತೆ ಹಿಂದಕ್ಕೆ ಹೋದಳು.

ಎದುರಿಗಿದ್ದವಳು ಊರವರು ಭೂತಗನ್ನಡಿ ಎಂದು ಕರೆಯುವ ಹೆಂಗಸು. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ, ಕಣ್ಣು ಸವೆಸಿಕೊಂಡು, ಗಾಜು ದಪ್ಪ ಮಾಡಿಕೊಂಡು ಮನೆಗೆ ಬಂದವಳು. ಈಗ ಊರವರ ಕಾಗದಪತ್ರಗಳಲ್ಲಿ ಅಡಗಿದ ಮೋಸವನ್ನು ಹೆಕ್ಕುವುದೇ ಅವಳ ಕೆಲಸ. ಅವಳು ಮೊನ್ನೆ ಕೋರ್ಟಿನ ಕಡತದಿಂದ ತೆಗೆಸಿದ ಒಂದು ಪತ್ರದ ನಕಲು ಸೊಂಟದ ಚೀಲದಲ್ಲಿತ್ತು. ಸೋಮವಾರ ಹನ್ನೊಂದು ಗಂಟೆಗೆ ನ್ಯಾಯಾಧೀಶರು ವಿಚ್ಛೇದನದ ಆದೇಶಕ್ಕೆ ಸಹಿ ಹಾಕಿದರೆ, ಆ ನಕಲಿನ ಒಂದೇ ಸಾಲಿನ ಬಲದ ಮೇಲೆ ಟೈಲರಮ್ಮನ ಪಾಲಿನ ಮನೆಯೂ ಗಂಡನದಾಗುತ್ತಿತ್ತು.

“ಇನ್ನೊಂದ್ಸಲ ಹೇಳು. ಮನೆ ಬಿಟ್ಟು ಬಂದ ದಿನ ಚೀಟೀಲಿ ಏನು ಬರೆದಿಟ್ಟೆ?”

“ಎಷ್ಟು ಸಲ ಹೇಳ್ಲಿ ಅಕ್ಕ? ‘ನಾನು ಮನೆ ಬಿಟ್ಟಿದ್ದೇನೆ. ನನ್ನನ್ನು ಹುಡುಕಬೇಡಿ. ಬೀರುವಿನ ಬೀಗದ ಕೈ ಸಕ್ಕರೆ ಡಬ್ಬಿಯ ಹಿಂದೆ ಇದೆ.’ ಅಷ್ಟೇ.”

“ಹನ್ನೆರಡು ವರ್ಷದ ಸಂಸಾರಕ್ಕೆ ಮೂರೇ ಸಾಲು.”

“ನಾಲ್ಕನೇದು ಬರೆಯೋಕೆ ಹೋಗಿದ್ರೆ ಬೈಗುಳವೇ ಬರ್ತಿತ್ತು.”

ಭೂತಗನ್ನಡಿಗೆ ನಗು ಬಂತು. ಆದರೆ ಹಾಸುಬಟ್ಟೆಯನ್ನು ಬುಟ್ಟಿಗೆ ಹಾಕಿ ನಕಲನ್ನು ಬಿಸಿಲಿಗೆ ಹಿಡಿದಾಗ ಆ ನಗು ಉಳಿಯಲಿಲ್ಲ.

ನಕಲಿನಲ್ಲಿ ಹೀಗಿತ್ತು: ನಾನು ಮನೆ ಬಿಟ್ಟು ಕೊಟ್ಟಿದ್ದೇನೆ.

ಉಳಿದ ಎರಡು ಸಾಲು ಟೈಲರಮ್ಮ ಹೇಳಿದಂತೆಯೇ. ಅಕ್ಷರವೂ ಅವಳದೇ. ದುಂಡಗಿನ ಒತ್ತು, ‘ನೆ’ಯ ಬಾಲಕ್ಕೆ ಸಣ್ಣ ಕೊಂಡಿ, ಎಲ್ಲ ಅವಳದೇ. ಅವಳೇ ಒಪ್ಪಿಕೊಂಡಿದ್ದಳು: ಕೈ ನನ್ನದು, ಮಾತು ನನ್ನದಲ್ಲ.

“ವಿಚ್ಛೇದನದ ಒಪ್ಪಂದಕ್ಕೆ ಸಹಿ ಹಾಕುವಾಗ ಈ ಪತ್ರ ತೋರಿಸಿರಲಿಲ್ವಾ?”

“ಆರನೇ ಕಲಮಿನಲ್ಲಿ ‘ಮನೆಯ ವಿಚಾರ ಹೆಂಡತಿಯ ಪತ್ರದಲ್ಲಿರುವಂತೆ’ ಅಂತ ಇತ್ತಕ್ಕ. ನನ್ನ ಪತ್ರ ತಾನೇ, ಅದರಲ್ಲಿ ಬೀಗದ ಕೈ ಬಿಟ್ಟು ಇನ್ನೇನಿದೆ ಅಂದ್ಕೊಂಡೆ. ಅಣ್ಣನೂ ‘ನಿಂದೇ ಪತ್ರ, ನಿಂಗೇನು ಭಯ’ ಅಂದ.”

“ಯಾವ ಕಾಗದದಲ್ಲಿ ಇನ್ನೊಂದು ಕಾಗದದ ಹೆಸರಿರುತ್ತೋ, ಆ ಇನ್ನೊಂದನ್ನ ಮೊದಲು ಓದಬೇಕು. ಯಾರೂ ಹೇಳಿಕೊಡಲ್ಲ ಇದನ್ನ. ಸಹಿ ಎಲ್ಲಿ ಹಾಕಬೇಕು ಅಂತ ಮಾತ್ರ ಬೆರಳಿಟ್ಟು ತೋರಿಸ್ತಾರೆ!”

ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು.

“ಇದು ಮೊನ್ನೆಯಿಂದ ನನ್ನ ತಲೆ ತಿಂತಾ ಇದೆ, ನೋಡು. ‘ಮನೆ’ ಆದಮೇಲೆ, ‘ಬಿಟ್ಟು’ ಶುರುವಾಗೋ ಮೊದಲು, ಮೇಲ್ಗಡೆ ಎರಡು ಸಣ್ಣ ಗೀಟು.”

“ನಕಲು ಯಂತ್ರದ ಕೊಳೆ ಇರ್ಬೇಕು.”

“ಕೊಳೆ ಹೀಗೆ ಜೋಡಿಯಾಗಿ ನಿಲ್ಲುತ್ತಾ? ನನಗೆ ಕಾಣೋದು ಉದ್ಧರಣ ಚಿಹ್ನೆ. ತೆರೆದಿದ್ದಾರೆ, ಮುಚ್ಚಿಲ್ಲ. ನಮ್ಮ ಅಚ್ಚುಕೂಟದಲ್ಲಾಗಿದ್ರೆ ಅಚ್ಚಿನ ಮೊಳೆ ಜೋಡಿಸೋನ ಕಿವಿ ಹಿಂಡ್ತಿದ್ದೆ.”

ಟೈಲರಮ್ಮ ಕಾಗದವನ್ನು ತೆಗೆದುಕೊಂಡಳು. ಕಣ್ಣು ಕಿರಿದು ಮಾಡಿ ನೋಡಿದಳು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಅವಳ ಬೆರಳು ತಾನಾಗಿ ಮುಟ್ಟಿತು.

“ಅಕ್ಕ, ಇದು ನಿಮ್ಮ ಚಿಹ್ನೆ ಅಲ್ಲ.”

“ಮತ್ತೆ?”

“ಇಂಚು.”

ಅವಳು ಮೆಟ್ಟಿಲಿಳಿದು ಓಡಿದಳು. ತಿರುಗಿ ಬಂದಾಗ ಕೈಯಲ್ಲಿ ಉದ್ದನೆಯ ರಟ್ಟಿನ ಪುಸ್ತಕವಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕಸುಬು. ಬೆಳೆಯುವ ಮಕ್ಕಳಾದ್ದರಿಂದ ಪ್ರತಿ ಲಂಗ, ಪ್ರತಿ ಚಡ್ಡಿಯ ಮಡಿಕೆಯೊಳಗೆ ಒಂದಿಷ್ಟು ಬಟ್ಟೆ ಬಿಡುತ್ತಿದ್ದಳು. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ಎಷ್ಟು ಬಿಟ್ಟೆ ಎಂಬುದನ್ನು ಮರೆಯದೆ ಬರೆದಿಡುತ್ತಿದ್ದಳು. ಪುಟದ ಮೇಲೆ ಪುಟ ಅದೇ ಸಾಲು:

ಒಳಗೆ 1″ ಬಿಟ್ಟು ಕೊಟ್ಟಿದ್ದೇನೆ. ಒಳಗೆ 2″ ಬಿಟ್ಟು ಕೊಟ್ಟಿದ್ದೇನೆ.

ಭೂತಗನ್ನಡಿ ಪುಟ ತಿರುವುತ್ತ ಹೋದಳು. ಒಂದು ಕಡೆ ಕೈ ನಿಂತಿತು.

ಪುಟ ಹರಿದಿರಲಿಲ್ಲ. ಸಾಲಿನ ನಡುವೆ ಕಿಟಕಿಯಂತೆ ಒಂದು ಸಣ್ಣ ಚೌಕ ಕತ್ತರಿಸಿ ಹೋಗಿತ್ತು. ಎಡಕ್ಕೆ ‘ಒಳಗೆ 1’ ಉಳಿದಿತ್ತು. ಆಮೇಲೆ ತೂತು. ತೂತಿನ ಮೂಲಕ ಮುಂದಿನ ಪುಟ ಇಣುಕುತ್ತಿತ್ತು.

ಅವಳು ಕೋರ್ಟಿನ ನಕಲನ್ನು ಪುಟದ ಅಡಿಗೆ ಮೆಲ್ಲಗೆ ಜಾರಿಸಿದಳು. ಕೊಂಚ ಮೇಲೆ, ಕೊಂಚ ಬಲಕ್ಕೆ. ಕಿಟಕಿಯೊಳಗೆ ಆ ಎರಡು ಗೀಟು ಬಂದು ‘1’ರ ಪಕ್ಕ ನಿಂತವು. ಸಾಲು ತುಂಬಿತು.

ಒಳಗೆ 1″ ಬಿಟ್ಟು ಕೊಟ್ಟಿದ್ದೇನೆ.

ಟೈಲರಮ್ಮ ಬಗ್ಗಿ ಆ ಸಾಲಿನ ಮೇಲೆ ಬೆರಳೆಳೆದಳು.

“ನಡುವೆ ಜಾಗ ಇದೆ ನೋಡು,” ಎಂದಳು ಭೂತಗನ್ನಡಿ. “ಹಕ್ಕು ಬಿಟ್ಟುಕೊಡೋದಾದ್ರೆ ‘ಬಿಟ್ಟುಕೊಟ್ಟಿದ್ದೇನೆ’ ಒಂದೇ ಪದ. ನೀನು ಬರೆದದ್ದು ಎರಡು. ಬಟ್ಟೆ ಬಿಟ್ಟೆ, ಲಂಗ ಕೊಟ್ಟೆ. ಮೊದಲನೇ ದಿನವೇ ನನಗೆ ಹೊಳೀಬೇಕಿತ್ತು. ಬೇರೆ ಕಳ್ಳರು ಬರಹ ನಕಲು ಮಾಡೋಕೆ ರಾತ್ರಿಯೆಲ್ಲ ಕೈ ಪಳಗಿಸ್ತಾರೆ. ಇವರಿಗೆ ಅಷ್ಟು ಶ್ರಮವೂ ಬೇಡವಾಯ್ತು! ನಿನ್ನ ದುಡಿಮೆಯ ಪುಸ್ತಕದಿಂದಲೇ ಒಂದು ತುಂಡು ಕತ್ತರಿಸಿ, ನಿನ್ನ ಚೀಟಿ ಮೇಲೆ ಅಂಟಿಸಿ, ನಕಲು ತೆಗೆದಿದ್ದಾರೆ. ಕೋರ್ಟಿಗೆ ನಕಲು ಮಾತ್ರ ಕೊಟ್ಟು ‘ಮೂಲ ಕಳೆದುಹೋಗಿದೆ’ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?”

“ಆ ಹಾಳಾದ ಗಂಡ,” ಎಂದಳು ಟೈಲರಮ್ಮ. “ಪೇಂಟ್ ಅಂಗಡೀಲಿ ಕೂತು ಬಣ್ಣ ಕಲಸೋದು ಸಾಲದು ಅಂತ ನನ್ನ ಪುಸ್ತಕಕ್ಕೂ ಕೈ ಹಾಕಿದ್ದಾನೆ. ಹನ್ನೊಂದು ವರ್ಷ ಆ ಮನೆ ಕಂತಿಗೆ ನನ್ನ ಮೆಷಿನ್ನೂ ದುಡಿದಿದೆ. ಅವನ ಕೈ ಮುರೀಲಿ…”

“ತಡಿ. ಪುಟದ ತಾರೀಕು ನೋಡು.”

ಟೈಲರಮ್ಮ ನೋಡಿದಳು. ಅವಳು ಗಂಡನ ಮನೆ ಬಿಟ್ಟು ಎರಡು ತಿಂಗಳಾದ ಮೇಲಿನ ತಾರೀಕು.

“ಈ ಪುಸ್ತಕ ಎಲ್ಲಿರುತ್ತೆ?”

“ಇಲ್ಲೇ. ಮೆಷಿನ್ ಮೇಲಿನ ಹಲಗೇಲಿ. ಇಲ್ಲಿಗೆ ಬಂದಮೇಲೇ ಶುರು ಮಾಡಿದ್ದು.”

“ನಿನ್ನ ಗಂಡ ಈ ಮನೆಗೆ ಬಂದಿದ್ದಾನಾ?”

“ಅವನಾ? ಈ ಬೀದಿಗೇ ಕಾಲಿಟ್ಟಿಲ್ಲ.”

“ಈ ಮನೇಲಿ ಯಾರ್ಯಾರಿದ್ದೀರಿ?”

ಟೈಲರಮ್ಮ ಬೆರಳು ಮಡಿಚುತ್ತ ಎಣಿಸಿದಳು.

“ನಾನು. ಅಣ್ಣ. ಅತ್ತಿಗೆ.” ಆಮೇಲೆ ತಟ್ಟನೆ ಸೇರಿಸಿದಳು: “ಅತ್ತಿಗೆ ಇರ್ಬೇಕು. ನಾನು ಬಂದಾಗಿನಿಂದ ಅವಳಿಗೆ ಕೋಣೆ ಇಕ್ಕಟ್ಟು, ನೀರು ಸಾಲಲ್ಲ, ಮೆಷಿನ್ ಸದ್ದಿಗೆ ತಲೆನೋವು. ಅವಳೇ.”

“ಇರಬಹುದು. ಇಲ್ದೇ ಇರಬಹುದು. ಪುಸ್ತಕ ಚೀಲಕ್ಕೆ ಹಾಕು. ವಕೀಲನ ಹತ್ರ ಹೋಗೋಣ.”

*

ವಕೀಲರ ಕಚೇರಿ ಔಷಧಿ ಅಂಗಡಿಯ ಮೇಲಿತ್ತು. ಗೋಡೆಯ ಉದ್ದಕ್ಕೂ ಕಡತಗಳು, ಕೆಂಪು ದಾರ, ಧೂಳು. ಗಂಡನಿಗೂ ಇವರೇ ವಕೀಲರು, ಹೆಂಡತಿಗೂ ಇವರೇ. ‘ಒಬ್ಬರೇ ಆದ್ರೆ ಖರ್ಚು ಅರ್ಧ’ ಎಂದು ಗೊತ್ತು ಮಾಡಿದವನು ಅಣ್ಣ.

“ಬನ್ನಿ ತಾಯಿ, ಬನ್ನಿ,” ಎಂದರು ವಕೀಲರು. “ಸೋಮವಾರ ಒಂದು ಹತ್ತು ನಿಮಿಷದ ಕೆಲಸ. ಜಡ್ಜು ಕೇಳ್ತಾರೆ, ‘ಒಪ್ಪಿಗೆಯಾ?’ ನೀವು ‘ಹೂಂ’ ಅಂತೀರಿ. ಮುಗೀತು. ಜಗಳ ಇಲ್ಲ, ಕಣ್ಣೀರಿಲ್ಲ. ಎಂಥ ಚೆನ್ನಾದ ಒಪ್ಪಂದ!”

“ಯಾರಿಗೆ ಚೆನ್ನ?” ಎಂದಳು ಭೂತಗನ್ನಡಿ, ಕುರ್ಚಿ ಎಳೆದುಕೊಂಡು.

“ಇವರು ಯಾರು?”

“ದೊಡ್ಡಮ್ಮ ಅಂದ್ಕೊಳ್ಳಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇದೆ. ಒಪ್ಪಂದದಲ್ಲಿ ಪೂರ್ತಿ ಅವನಿಗೆ ಹೋಗ್ತಾ ಇದೆ. ಯಾಕೆ?”

“ಅವರೇ ಪತ್ರ ಬರೆದುಕೊಟ್ಟಿದ್ದಾರಲ್ಲ.” ವಕೀಲರು ಟೈಲರಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. “ನೋಡಿ ತಾಯಿ, ಮಕ್ಕಳಿಲ್ಲ ಮರಿಯಿಲ್ಲ. ಒಂಟಿ ಜೀವಕ್ಕೆ ಮೂರು ಕೋಣೆ ಮನೆ ಯಾಕೆ ಹೇಳಿ?”

“ಹೊಲಿಯೋಕೆ,” ಎಂದಳು ಟೈಲರಮ್ಮ. “ಅವರೂ ಒಂಟಿ ಜೀವವೇ ತಾನೇ ಆಗೋದು? ಅವರಿಗ್ಯಾಕೆ?”

ವಕೀಲರಿಗೆ ಕೆಮ್ಮು ಬಂತು.

“ಒಂಬತ್ತನೇ ಕಲಮಿಗೆ ಬನ್ನಿ,” ಎಂದಳು ಭೂತಗನ್ನಡಿ. “‘ಜಂಟಿ ಸಾಲವನ್ನು ಗಂಡನೇ ತೀರಿಸತಕ್ಕದ್ದು.’ ಮನೆ ಅಡವಿಟ್ಟು ಪೇಂಟ್ ಅಂಗಡಿಗೆ ತೆಗೆದ ಸಾಲ. ಅದಕ್ಕೆ ಇವಳ ಸಹಿನೂ ಇದೆ. ಈ ಒಪ್ಪಂದಕ್ಕೆ ಬ್ಯಾಂಕು ಸಹಿ ಹಾಕಿದೆಯಾ?”

“ಬ್ಯಾಂಕು ಯಾಕೆ ಹಾಕುತ್ತೆ? ಇದು ಗಂಡ ಹೆಂಡತಿ ನಡುವಿನ…”

“ಅದನ್ನೇ ಹೇಳ್ತಿರೋದು! ಅವನು ನಾಲ್ಕನೇ ತಿಂಗಳು ಕಂತು ನಿಲ್ಲಿಸಿದ್ರೆ ಬ್ಯಾಂಕಿನೋರು ನಿಮ್ಮ ಕಲಮು ಓದ್ತಾ ಕೂರ್ತಾರಾ? ಇವಳ ಸಹಿ ನೋಡ್ತಾರೆ, ಇವಳ ಮೆಷಿನ್ ಹೊತ್ಕೊಂಡು ಹೋಗ್ತಾರೆ. ಮನೆ ಅವನಿಗೆ, ಸಾಲ ಇಬ್ಬರಿಗೂ. ಮೊದಲು ಸಾಲದಿಂದ ಇವಳ ಹೆಸರು ತೆಗೆಸಿ ಅಂತ ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಇಬ್ಬರಿಂದಲೂ ಫೀಸು ತಗೊಂಡಿದ್ದೀರಿ. ಇವಳ ಫೀಸಿಗೆ ಇವಳಿಗಾಗಿ ಏನು ಮಾಡಿದಿರಿ?”

“ದನಿ ಎತ್ತಬೇಡಿ, ಅಮ್ಮ. ಇದು ಕಚೇರಿ.”

“ಎತ್ತಿಲ್ಲ. ಎತ್ತಿದ್ರೆ ಕೆಳಗೆ ಔಷಧಿ ಅಂಗಡಿಯೋನು ಮೇಲೆ ಬರ್ತಾನೆ. ಹನ್ನೊಂದನೇ ಕಲಮು: ‘ಮುಂದೆ ಯಾವುದೇ ತಕರಾರು, ಹಕ್ಕು, ಜೀವನಾಂಶ ಕೇಳತಕ್ಕದ್ದಲ್ಲ.’ ಇವಳಿಗೆ ಇದನ್ನ ಓದಿ ಹೇಳಿದಿರಾ?”

“ಅಣ್ಣನವರು ಓದಿ ಹೇಳ್ತೀನಿ ಅಂದ್ರು…”

“ಅಣ್ಣ ಓದಿದ್ದು ಒಂದರಿಂದ ಐದರವರೆಗೆ,” ಎಂದಳು ಟೈಲರಮ್ಮ ನಿಧಾನವಾಗಿ. “ಆಮೇಲೆ ‘ಉಳಿದಿದ್ದೆಲ್ಲ ಮಾಮೂಲಿ’ ಅಂದ.”

ವಕೀಲರು ಕಡತದ ಕೆಂಪು ದಾರ ಬಿಗಿಯತೊಡಗಿದರು.

ಭೂತಗನ್ನಡಿ ಚೀಲದಿಂದ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ನಕಲನ್ನು ಅಡಿಗೆ ಜಾರಿಸಿದಳು. ಕತ್ತರಿಸಿದ ಚೌಕದ ಮೇಲೆ ಬೆರಳಿಟ್ಟಳು.

ವಕೀಲರು ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದು ಸಾಲದೆಂಬಂತೆ ಇನ್ನೊಮ್ಮೆ ಒರೆಸಿದರು.

“ಇದು… ನನಗೂ ಇದಕ್ಕೂ ಸಂಬಂಧ ಇಲ್ಲ.”

“ಪತ್ರ ಯಾರು ತಂದುಕೊಟ್ರು?”

“ಕಕ್ಷಿದಾರರ ಗುಟ್ಟನ್ನ ಹಾಗೆಲ್ಲ…”

“ಇವಳೂ ನಿಮ್ಮ ಕಕ್ಷಿದಾರಳೇ! ಇವಳದೇ ಪತ್ರ ಅಂತ ಕೋರ್ಟಿಗೆ ಹೇಳಿದೋರು ನೀವೇ. ಇವಳ ಪತ್ರ ನಿಮಗೆ ಯಾರು ಕೊಟ್ರು ಅನ್ನೋದು ಇವಳಿಗೇ ಗುಟ್ಟಾ? ಸರಿ. ಸೋಮವಾರ ಜಡ್ಜು ಕೇಳ್ತಾರೆ, ಅವರಿಗೇ ಹೇಳಿ.”

ವಕೀಲರು ತಮ್ಮ ಮನಸ್ಸಿನಲ್ಲಿ ಏನನ್ನೋ ತೂಗಿ ನೋಡಿದರು. ತೂಕ ಯಾವ ಕಡೆ ವಾಲಿತೆಂಬುದು ಅವರ ಕೈಯಲ್ಲಿ ಕಂಡಿತು. ಕಪಾಟಿನಿಂದ ಒಳಬಂದ ಕಾಗದಗಳ ಪುಸ್ತಕ ತೆಗೆದು, ಒಂದು ಪುಟ ಹುಡುಕಿ, ಟೈಲರಮ್ಮನ ಕಡೆ ತಿರುಗಿಸಿಟ್ಟರು.

“ತಂದವರು ಸಹಿ ಹಾಕಿದ್ದಾರೆ. ನೋಡಿಕೊಳ್ಳಿ. ನಾನು ನೋಡಿದ್ದು ನಕಲು ಮಾತ್ರ.”

ಟೈಲರಮ್ಮ ಬಗ್ಗಲಿಲ್ಲ. ಕುಳಿತಲ್ಲಿಂದಲೇ ಕಾಣುತ್ತಿತ್ತು. ಅಪ್ಪ ಹೋದ ಮೇಲೆ ಅವಳ ಅಂಕಪಟ್ಟಿಗಳ ಮೇಲೆಲ್ಲ ಬಿದ್ದ ಸಹಿ ಅದೇ. ಕಡಿಮೆ ಅಂಕ ಬಂದಾಗಲೂ ಬೈಯದೆ, ‘ಮುಂದಿನ ಸಲ ನೋಡು’ ಎಂದು ಗೀಚಿಕೊಡುತ್ತಿದ್ದ ಸಹಿ.

“ಸುಮ್ಮನೆ ಅತ್ತಿಗೆಯನ್ನ ಅಂದ್ಬಿಟ್ಟೆ,” ಎಂದಳು ಅವಳು.

*

ಮೆಟ್ಟಿಲಿಳಿಯುವಾಗ ಭೂತಗನ್ನಡಿ ಅವಳ ಮೊಣಕೈ ಹಿಡಿದುಕೊಂಡಳು.

“ಯಾಕೆ ಮಾಡಿದ ಅಂತ ಆಮೇಲೆ ನೋಡೋಣ. ಈಗ ಒಂದೇ ದಾರಿ ಇರೋದು. ಆದೇಶ ಆಗೋವರೆಗೂ ಒಪ್ಪಿಗೆ ಹಿಂದಕ್ಕೆ ತಗೋಬಹುದು. ಆದಮೇಲೆ ವರ್ಷಗಟ್ಟಲೆ ಅಲೀಬೇಕು. ಇವತ್ತು ಗುರುವಾರ. ಕೂತು ಒಂದು ಪತ್ರ ಬರೆಯೋಣ.”

ಟೈಲರಮ್ಮ ಮೆಟ್ಟಿಲ ಮೇಲೆಯೇ ಕುಳಿತಳು. ತನ್ನ ಬಟ್ಟೆಚೀಲವನ್ನು ಮಗುಚಿ, ತಳದ ಒಳಪದರದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ, ಒಂದೇ ಎಳೆತಕ್ಕೆ ಬಿಚ್ಚಿದಳು. ಒಳಗಿಂದ ನಾಲ್ಕಾಗಿ ಮಡಿಸಿದ ಲಕೋಟೆ ಹೊರಬಂತು. ಮೇಲೆ ಕೋರ್ಟಿನ ವಿಳಾಸ. ಅಂಚು ನಾರುನಾರಾಗಿತ್ತು.

“ಬರೆದು ನಾಲ್ಕು ತಿಂಗಳಾಯ್ತಕ್ಕ. ಸಹಿ ಹಾಕಿ ಬಂದ ವಾರವೇ ಬರೆದೆ. ‘ನಾನು ಓದದೆ ಸಹಿ ಹಾಕಿದ್ದೇನೆ. ನನ್ನ ಒಪ್ಪಿಗೆ ಇಲ್ಲ.’”

“ನಾಲ್ಕು ತಿಂಗಳು! ಮತ್ತೆ ಯಾಕೆ ಹಾಕ್ಲಿಲ್ಲ?”

“ಹಾಕೋಕೆ ಹೊರಟಾಗಲೆಲ್ಲ ಅಣ್ಣ ಬಾಗಿಲಲ್ಲಿ. ‘ಸ್ವಲ್ಪ ತಡಿ, ಭಾವನ ಜೊತೆ ಮಾತಾಡ್ತೀನಿ.’ ಆಮೇಲೆ, ‘ಈಗ ಬೇಡ, ಅತ್ತಿಗೆಗೆ ಹುಷಾರಿಲ್ಲ.’ ಆಮೇಲೆ, ‘ನಾನಿದ್ದೀನಲ್ಲ.’” ಅವಳು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿದಳು. “ನಾನಿದ್ದೀನಲ್ಲ ಅಂದ ಅಕ್ಕ. ಅಷ್ಟಕ್ಕೇ ನಾನು ಇದನ್ನ ಹೊಲಿದುಬಿಟ್ಟೆ.”

ಭೂತಗನ್ನಡಿ ಪತ್ರ ಓದಿದಳು. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ಪೆನ್ನು ತೆಗೆದಳು. ಏನು ಯೋಚಿಸಿದಳೋ, ಮತ್ತೆ ಮುಚ್ಚಿದಳು.

“ತಪ್ಪಿದ್ರೆ ಇರಲಿ. ಇದು ಯಾರೂ ಕತ್ತರಿಸಿ ಅಂಟಿಸದ ಬರಹ. ಕೆಳಗೆ ಇವತ್ತಿನ ತಾರೀಕು ಹಾಕಿ, ಇನ್ನೊಂದು ಸಹಿ ಹಾಕು. ಪತ್ರ ಸುಳ್ಳು ಮಾಡಿದ ದೂರು ನಾಳೆ ಬೇರೆ ಕೊಡೋಣ.”

“ಕೈಯಾರೆ ಕೊಟ್ಟು ಬರೋಣ್ವಾ?”

“ಕೋರ್ಟಿನ ಕಿಟಕೀಲಿ ‘ವಕೀಲರ ಮೂಲಕ ಬನ್ನಿ’ ಅಂತ ಓಡಿಸ್ತಾರೆ. ರಿಜಿಸ್ಟರ್ ಅಂಚೇಲಿ ಬಂದದ್ದಕ್ಕೆ ಸಹಿ ಹಾಕಿ ತಗೊಳ್ಳಲೇಬೇಕು. ನಡಿ.”

ಅಂಚೆ ಕಚೇರಿಯಲ್ಲಿ ಮೂರು ಜನರ ಸಾಲಿತ್ತು. ಕಿಟಕಿಯೊಳಗಿನ ಹೆಂಗಸು ಲಕೋಟೆಯನ್ನು ತೂಕಕ್ಕಿಟ್ಟು, ಸುಕ್ಕು ನೋಡಿ, “ಇದೇನಮ್ಮ, ಯುದ್ಧದಿಂದ ಬಂದ ಹಾಗಿದೆ?” ಎಂದಳು. ಆಮೇಲೆ, “ನಾಳೆ ಮಧ್ಯಾಹ್ನದೊಳಗೆ ಸೇರುತ್ತೆ. ಕಳಿಸುವವರ ವಿಳಾಸ ಎಲ್ಲಿ? ತಲುಪಿದ್ದಕ್ಕೆ ಸಹಿ ಹಾಕಿದ ಚೀಟಿ ಅಲ್ಲಿಗೇ ಬರೋದು.”

ಟೈಲರಮ್ಮ ಪೆನ್ನು ಹಿಡಿದು ನಿಂತಳು. ಅಣ್ಣನ ಮನೆಯ ವಿಳಾಸ ಬರೆಯಲು ಕೈ ಬರಲಿಲ್ಲ. ಒಂದು ಕ್ಷಣ. ಆಮೇಲೆ ಬಗ್ಗಿ, ಒತ್ತಿ ಒತ್ತಿ, ಮೂರು ಕೋಣೆಯ ಆ ಮನೆಯ ವಿಳಾಸ ಬರೆದಳು. ಬಾಗಿಲ ಸಂಖ್ಯೆ ಸಮೇತ.

ಫೋನು ಬಡಿದುಕೊಂಡಿತು. ಅಣ್ಣ.

“ಎಲ್ಲಿದ್ದೀಯೇ? ವಕೀಲರು ಫೋನ್ ಮಾಡಿದ್ರು. ಎಲ್ಲಿದ್ದೀಯಾ?”

“ಅಂಚೆ ಕಚೇರೀಲಿ.”

“ಏನೂ ಹಾಕಬೇಡ! ನನ್ನ ಮಾತು ಕೇಳು, ಬರ್ತಾ ಇದ್ದೀನಿ. ಎಲ್ಲ ನಿನ್ನ ಒಳ್ಳೇದಕ್ಕೇ…”

“ಆ ಪುಟ ಯಾವುದರಲ್ಲಿ ಕತ್ತರಿಸಿದೆ ಅಣ್ಣ? ನನ್ನ ಕತ್ತರೀಲಾ?”

ಆ ಕಡೆ ವಾಹನಗಳ ಸದ್ದು. ಸಾಲಿನಲ್ಲಿ ಹಿಂದೆ ನಿಂತವನು ಗಂಟಲು ಸರಿಮಾಡಿಕೊಂಡ.

“ನಿಂಗೆ ಅರ್ಥ ಆಗ್ತಿಲ್ಲ ಕಣೇ,” ಎಂದ ಅಣ್ಣ. “ಆ ಪತ್ರ ಹಾಕಿ ಏನೂ ಪ್ರಯೋಜನ ಇಲ್ಲ. ಬ್ಯಾಂಕಿನ ಸಾಲ ತೀರಿಸಿ ಆ ಮನೆ ಹೋದ ತಿಂಗಳೇ ಮಾರಿ ಆಗಿದೆ. ಕ್ರಯಪತ್ರದಲ್ಲಿ ಭಾವನ ಸಹಿ ಇದೆ. ನಿಂದೂ ಇದೆ.”

“ನಂದಾ?”

“ನಿಂದೇ. ನೋಂದಣಿ ಕಚೇರೀಲಿ ನೀನೇ ನಿಂತು ಹಾಕಿದ್ದೀಯ. ಫೋಟೋ ಇದೆ.”

ಟೈಲರಮ್ಮ ನೋಂದಣಿ ಕಚೇರಿಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಅವಳ ಹೆಸರಲ್ಲಿ ಅಲ್ಲಿ ನಿಂತವಳು ಬೇರೆ ಯಾರೋ. ಅವಳು ಭೂತಗನ್ನಡಿಯ ಮುಖ ನೋಡಿದಳು. ದಪ್ಪ ಗಾಜಿನ ಹಿಂದೆ ಆ ಕಣ್ಣುಗಳು ಮಿಟುಕುವುದನ್ನೂ ಮರೆತಿದ್ದವು.

“ಏನಮ್ಮ?” ಎಂದಳು ಕಿಟಕಿಯ ಹೆಂಗಸು, ಮುದ್ರೆಯನ್ನು ಗಾಳಿಯಲ್ಲೇ ಹಿಡಿದು. “ವಿಳಾಸ ಇದೇ ಇರಲಾ, ಬದಲಾಯಿಸ್ತೀರಾ?”

ಫೋನಿನಲ್ಲಿ ಅಣ್ಣ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಟೈಲರಮ್ಮ ಅದನ್ನು ಆರಿಸಿ ಚೀಲಕ್ಕೆ ಹಾಕಿದಳು.

“ಇದೇ ಇರಲಿ,” ಎಂದಳು. “ಒತ್ತಿ.”

ಮುದ್ರೆ ಬಿತ್ತು. ಲಕೋಟೆ ಅಂಚೆಮೂಟೆಯೊಳಗೆ ಜಾರಿ ಹೋಯಿತು.